ಹೆರಿಗೆಗೆ ಮುಂಚೆ ಫ್ರೀಜರ್ ತುಂಬಿಸಿಡುವುದು ಹೇಗೆ: ಬಾಣಂತಿ ಮನೆಯ ಅಡುಗೆಗೆ ಪೂರ್ತಿ ತಯಾರಿ

ಇಡೀ ಊಟ ಮಾಡಿ ಫ್ರೀಜರಿನಲ್ಲಿ ಇಡಬೇಡಿ. ಊಟದಲ್ಲಿ ಹೆಚ್ಚು ಹೊತ್ತು ಹಿಡಿಯುವ ಕೆಲಸ ಯಾವುದೋ ಅದನ್ನಷ್ಟೇ ಮಾಡಿ ಇಡಿ. ನಮ್ಮ ಅಡುಗೆಗೆ ಹೊಂದುವುದು ಇದೇ ದಾರಿ. ಅನ್ನ ಆಗಲು ಇಪ್ಪತ್ತು ನಿಮಿಷ ಸಾಕು, ಒಗ್ಗರಣೆಗೆ ಎರಡು ನಿಮಿಷ. ಹೊತ್ತು ತಿನ್ನುವುದು ಬೇಳೆ-ಕಾಳು ಬೇಯಿಸುವುದು, ಸೊಪ್ಪು ಬಿಡಿಸುವುದು, ಪುಡಿ ಹುರಿಯುವುದು, ಹಿಟ್ಟು ನಾದುವುದು. ಇವಿಷ್ಟು ಮುಗಿದಿದ್ದರೆ ಅಡುಗೆ ಅಷ್ಟಾಗಿ ಬಾರದವರೂ ಹದಿನೈದು ನಿಮಿಷದಲ್ಲಿ ಬಿಸಿ ಸಾರು ಇಳಿಸಬಹುದು, ಅದು ಹಳಸಲು ರುಚಿಯನ್ನೂ ಹೊಡೆಯುವುದಿಲ್ಲ.

ಇದು ಹೆಚ್ಚಾಗಿ ಬೇಕಾಗುವುದು ತವರಿಗೆ ಹೋಗಲಾಗದವರಿಗೆ: ಬೆಂಗಳೂರಿನಲ್ಲಿ ಗಂಡ-ಹೆಂಡತಿ ಇಬ್ಬರೇ ಇರುವ ಮನೆ, ಪರದೇಶದಲ್ಲಿ ಅಮ್ಮನ ವೀಸಾಕ್ಕೆ ಕಾಯುತ್ತಿರುವ ಮನೆ, ಅಮ್ಮ ಇದ್ದರೂ ಅವರಿಗೆ ಮಂಡಿ ನೋವಿರುವ ಮನೆ. ಒಂದು ಮಾತು ಮೊದಲೇ ನೆನಪಿಡಿ. ಮಗು ಬಂದ ಮೇಲೆ ಫ್ರೀಜರ್ ತೆಗೆಯುವವರು ಬಾಣಂತಿಯಲ್ಲ. ಗಂಡ, ಅತ್ತೆ ಅಥವಾ ಅಡುಗೆಗೆ ಬರುವವರು ತೆಗೆಯುತ್ತಾರೆ. ಪ್ರತಿ ಪೊಟ್ಟಣವನ್ನೂ ಅವರಿಗೆ ಅರ್ಥವಾಗುವಂತೆ ಕಟ್ಟಬೇಕು.

ಮೊದಲು ಫ್ರೀಜರ್ ನೋಡಿ

ಒಳಗೆ ಮೈನಸ್ 18 ಡಿಗ್ರಿ ಸೆಲ್ಸಿಯಸ್ ಇರಬೇಕು. ಥರ್ಮಾಮೀಟರನ್ನು ಎರಡು ಗಟ್ಟಿಯಾದ ಪೊಟ್ಟಣಗಳ ನಡುವೆ ರಾತ್ರಿ ಇಟ್ಟು ಬೆಳಿಗ್ಗೆ ನೋಡಿ. ಥರ್ಮಾಮೀಟರ್ ಇಲ್ಲದಿದ್ದರೆ ಒಂದು ಡಬ್ಬ ಐಸ್‌ಕ್ರೀಮ್ ಇಡಿ. ಮರುದಿನ ಚಮಚ ಸಲೀಸಾಗಿ ಇಳಿದರೆ ನಿಮ್ಮ ಫ್ರೀಜರಿಗೆ ಅಷ್ಟು ತಂಪು ಇಲ್ಲ ಎಂದೇ ಲೆಕ್ಕ. ಸಿಂಗಲ್ ಡೋರ್ ಫ್ರಿಜ್‌ಗಳ ಒಳಗಿನ ಸಣ್ಣ ಐಸ್ ಖಾನೆಯಲ್ಲಿ ಇದು ಸಾಮಾನ್ಯ, ಬಾಗಿಲು ತೆಗೆದಾಗಲೆಲ್ಲ ಅದರ ತಂಪು ಇಳಿಯುತ್ತದೆ. ಅಂಥ ಫ್ರಿಜ್ ಇದ್ದರೆ ಬೆಂದ ಪದಾರ್ಥವನ್ನು ಎರಡು-ಮೂರು ವಾರಕ್ಕಿಂತ ಹೆಚ್ಚು ಇಡುವ ಯೋಚನೆ ಬಿಡಿ. ಒಣ ಪುಡಿ, ಉಂಡೆ, ಗರಿಗರಿಯಾದ ಕಟಕ್ ರೊಟ್ಟಿಗಳ ಕಡೆ ಗಮನ ಕೊಡಿ. ಗೋಡೆಗೆ ಅರ್ಧ ಸೆಂಟಿಮೀಟರಿಗಿಂತ ದಪ್ಪ ಹಿಮ ಕಟ್ಟಿದ್ದರೆ ಕರಗಿಸಿ, ಒರೆಸಿ, ಆಮೇಲೆ ಶುರು ಮಾಡಿ.

ಇನ್ನೊಂದು ಲೆಕ್ಕವನ್ನು ಬಹಳ ಜನ ಮರೆಯುತ್ತಾರೆ. ಫ್ರೀಜರಿಗೆ ಒಂದು ದಿನದಲ್ಲಿ ಇಂತಿಷ್ಟನ್ನೇ ಗಟ್ಟಿ ಮಾಡುವ ಶಕ್ತಿ ಇರುತ್ತದೆ. ಡಬಲ್ ಡೋರ್ ಫ್ರಿಜ್‌ನ ಸುಮಾರು 50 ಲೀಟರಿನ ಫ್ರೀಜರಿಗೆ ದಿನಕ್ಕೆ ಎರಡು ಕೆಜಿ ಹೊಸ ಪದಾರ್ಥ ಸಾಕು. ಭಾನುವಾರ ಕೂತು ಎಂಟು ಕೆಜಿ ಮಾಡಿ ಒಟ್ಟಿಗೆ ತುರುಕಿದರೆ ಎಲ್ಲವೂ ನಿಧಾನವಾಗಿ ಹೆಪ್ಪುಗಟ್ಟುತ್ತದೆ. ನಿಧಾನವಾದಷ್ಟೂ ಒಳಗಿನ ಮಂಜಿನ ಹರಳು ದೊಡ್ಡದಾಗುತ್ತದೆ, ಅದು ತರಕಾರಿಯ, ಮಾಂಸದ ಎಳೆಗಳನ್ನು ಸೀಳುತ್ತದೆ. ಕರಗಿಸಿದಾಗ ನೀರು ಬಿಟ್ಟುಕೊಂಡು ಜೊಳ್ಳಾಗುವುದು ಇದರಿಂದಲೇ. ಜೊತೆಗೆ ಮೊದಲೇ ಗಟ್ಟಿಯಾಗಿದ್ದ ಪೊಟ್ಟಣಗಳೂ ಮೆತ್ತಗಾಗುತ್ತವೆ.

ಯಾವಾಗ ಶುರು, ಎಷ್ಟು ಬೇಕು

ಮೂವತ್ತನೇ ವಾರದಲ್ಲಿ ಫ್ರೀಜರ್ ಖಾಲಿ ಮಾಡಿ. 32ರಿಂದ 35ನೇ ವಾರದವರೆಗೆ ವಾರಕ್ಕೆ ಎರಡು ದಿನ, ದಿನಕ್ಕೆ ಒಂದೇ ಪದಾರ್ಥ. 36ನೇ ವಾರದಲ್ಲಿ ಪುಡಿ ಮತ್ತು ಉಂಡೆ ಮಾಡಿ ಮುಗಿಸಿ. 37ನೇ ವಾರದ ನಂತರ ಯಾವತ್ತು ಬೇಕಾದರೂ ಆಸ್ಪತ್ರೆಗೆ ಓಡಬೇಕಾಗಬಹುದು. ಬಸುರಿಯೇ ನಿಂತು ಎಲ್ಲ ಮಾಡಬೇಕಿಲ್ಲ, ಮಾಡಲೂ ಬಾರದು. ತುಂಬಿದ ಕುಕ್ಕರ್ ಎತ್ತುವುದು, ಬಿಸಿನೀರು ಸುರಿಯುವುದು ಮನೆಯ ಬೇರೆಯವರ ಕೆಲಸ. ಸೊಪ್ಪು ಬಿಡಿಸುವುದು, ಚೀಟಿ ಬರೆಯುವುದು ಕೂತು ಮಾಡುವ ಕೆಲಸ.

ಆರು ವಾರದ ಮೂರು ಹೊತ್ತಿಗೂ ಊಟ ಕೂಡಿಡುತ್ತೇನೆಂದು ಹೊರಡಬೇಡಿ, ಜಾಗವೂ ಸಾಲದು, ನಾಲಿಗೆಗೂ ಬೇಸರ. ಇಬ್ಬರಿಗೆ ಒಂದು ಹೊತ್ತಿಗಾಗುವ ಸಾರಿನ ಪೊಟ್ಟಣ 20ರಿಂದ 24, ಇಡ್ಲಿ 40, ಚಪಾತಿ 30, ಅಂಟಿನುಂಡೆ 40 ಇದ್ದರೆ ಮೊದಲ ತಿಂಗಳ ಒತ್ತಡ ಕಳೆಯುತ್ತದೆ. ಇದಿಷ್ಟೂ 50 ಲೀಟರಿನ ಫ್ರೀಜರಿನಲ್ಲಿ ಹಿಡಿಸಿ ಒಂದು ಖಾನೆ ಉಳಿಯುತ್ತದೆ. ಆ ಖಾನೆಯನ್ನು ಬೇಕೆಂದೇ ಖಾಲಿ ಬಿಡಿ. ಎದೆಹಾಲು ಹಿಂಡಿ ಇಡಬೇಕಾಗಿ ಬಂದರೆ ಅದಕ್ಕೆ ಸ್ವಚ್ಛವಾದ, ಬಾಗಿಲಿನಿಂದ ದೂರದ ಜಾಗ ಬೇಕು. ಪ್ರತ್ಯೇಕ ಬಾಗಿಲಿನ ಫ್ರೀಜರಿನಲ್ಲಿ ಆರು ತಿಂಗಳವರೆಗೆ ಅದು ಚೆನ್ನಾಗಿರುತ್ತದೆ, ಸಿಂಗಲ್ ಡೋರ್ ಫ್ರಿಜ್‌ನ ಐಸ್ ಖಾನೆಯಲ್ಲಾದರೆ ಎರಡು ವಾರವೆಂದಷ್ಟೇ ಎಣಿಸಿ.

ಕವರ್, ಡಬ್ಬಿ, ಚೀಟಿ

ಫ್ರೀಜರಿಗೆಂದೇ ಬರುವ ದಪ್ಪನೆಯ ಜಿಪ್‌ಲಾಕ್ ಕವರ್ ತನ್ನಿ, ತೆಳ್ಳನೆಯ ಕವರು ಮೂಲೆಯಲ್ಲಿ ಒಡೆಯುತ್ತದೆ. ಕವರಿನ ಬಾಯಿಯನ್ನು ಹೊರಕ್ಕೆ ಮಡಚಿ, ಒಂದು ಲೋಟದೊಳಗೆ ನಿಲ್ಲಿಸಿ, ಪೂರ್ತಿ ತಣ್ಣಗಾದ ಪದಾರ್ಥವನ್ನು ಮುಕ್ಕಾಲು ತುಂಬಿಸಿ. ಬಾಯಿ ಸ್ವಲ್ಪ ಬಿಟ್ಟು ಉಳಿದದ್ದನ್ನು ಮುಚ್ಚಿ, ಅಂಗೈಯಿಂದ ಗಾಳಿಯನ್ನೆಲ್ಲ ತಳ್ಳಿ, ಆಮೇಲೆ ಪೂರ್ತಿ ಮುಚ್ಚಿ. ಸ್ಟೀಲ್ ತಟ್ಟೆಯ ಮೇಲೆ ಎರಡು ಸೆಂಟಿಮೀಟರ್ ದಪ್ಪಕ್ಕೆ ಚಪ್ಪಟೆಯಾಗಿ ಮಲಗಿಸಿ ಫ್ರೀಜರಿಗಿಡಿ. ಗಟ್ಟಿಯಾದ ಮೇಲೆ ತಟ್ಟೆ ತೆಗೆದು, ಪೊಟ್ಟಣಗಳನ್ನು ಕಪಾಟಿನ ಪುಸ್ತಕಗಳಂತೆ ಸಾಲಾಗಿ ನಿಲ್ಲಿಸಿ. ಚಪ್ಪಟೆ ಪೊಟ್ಟಣ ಬೇಗ ಹೆಪ್ಪುಗಟ್ಟುತ್ತದೆ, ಬೇಗ ಕರಗುತ್ತದೆ, ಹುಡುಕಲೂ ಸುಲಭ.

ಒಳಗೆ ಗಾಳಿ ಉಳಿದರೆ ಪದಾರ್ಥದ ನೀರಿನಂಶ ಮೇಲಿನಿಂದ ಹಾರಿಹೋಗಿ ಅಲ್ಲಲ್ಲಿ ಬೆಳ್ಳಗೆ, ಒಣಕಲಾಗಿ ಕಾಣುತ್ತದೆ. ತಿಂದರೆ ತೊಂದರೆಯಿಲ್ಲ, ರುಚಿ ಮಾತ್ರ ಇರುವುದಿಲ್ಲ. ಸ್ಟೀಲ್ ಡಬ್ಬಿಯೂ ನಡೆಯುತ್ತದೆ. ಆದರೆ ನೀರು ಮಂಜಾಗುವಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ, ಅಂಚಿನವರೆಗೆ ತುಂಬಿದರೆ ಮುಚ್ಚಳ ಎದ್ದು ಬರುತ್ತದೆ, ಗಾಜಿನ ಬಾಟಲಿಯಾದರೆ ಸೀಳುತ್ತದೆ. ಮೇಲೆ ಎರಡೂವರೆ ಸೆಂಟಿಮೀಟರ್ ಬಿಡಿ.

ಚೀಟಿಯನ್ನು ಕವರ್ ಖಾಲಿ ಇರುವಾಗಲೇ ಅಂಟಿಸಿ. ಒದ್ದೆಯಾದ ಮೇಲೆ ಅಂಟುವುದೂ ಇಲ್ಲ, ಶಾಯಿ ಹಿಡಿಯುವುದೂ ಇಲ್ಲ. "ಬೇಳೆ" ಎಂದಷ್ಟೇ ಬರೆದರೆ ಉಪಯೋಗವಿಲ್ಲ. ಹೀಗೆ ಬರೆಯಿರಿ: "ಬೆಂದ ತೊಗರಿಬೇಳೆ, 200 ಗ್ರಾಂ, ಮಾರ್ಚ್ 4. ಉಪ್ಪು ಹಾಕಿಲ್ಲ. ಎರಡು ಲೋಟ ನೀರು, ಒಂದೂವರೆ ಚಮಚ ಸಾರಿನ ಪುಡಿ, ಒಂದು ಹುಣಸೆ ತುಂಡು, ಕುದಿಸಿ, ಒಗ್ಗರಣೆ." ಅಡುಗೆಮನೆಗೆ ಹೊಸಬರಾದವರಿಗೆ ಇಷ್ಟು ಬೇಕೇ ಬೇಕು.

ಬೇಳೆ ಮತ್ತು ಕಾಳು

ಎಲ್ಲಕ್ಕಿಂತ ಹೆಚ್ಚು ಕೈಹಿಡಿಯುವುದು ಇದು, ಬೇರೇನೂ ಆಗದಿದ್ದರೂ ಇದೊಂದನ್ನು ಮಾಡಿ. ಐದು ಲೀಟರಿನ ಕುಕ್ಕರಿಗೆ ತೊಳೆದ 500 ಗ್ರಾಂ ತೊಗರಿಬೇಳೆ, ಒಂದೂವರೆ ಲೀಟರ್ ನೀರು, ಅರ್ಧ ಚಮಚ ಅರಿಶಿನ, ಒಂದು ಚಮಚ ಎಣ್ಣೆ. ನಾಲ್ಕೈದು ಕೂಗು. ಬೇಳೆ ಉಕ್ಕಿ ವೆಯ್ಟ್‌ನ ದಾರಿ ಕಟ್ಟುವುದರಿಂದ ಕುಕ್ಕರನ್ನು ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ಉಪ್ಪು, ಹುಣಸೆ ಈಗ ಬೇಡ. ಬೆಂದದ್ದನ್ನು ಮಸೆದು ಅಗಲವಾದ ಪಾತ್ರೆಗೆ ಬಗ್ಗಿಸಿ, ಆ ಪಾತ್ರೆಯನ್ನು ತಣ್ಣೀರು ತುಂಬಿದ ಸಿಂಕಿನಲ್ಲಿಟ್ಟು ಆಗಾಗ ಕೈಯಾಡಿಸಿ. ಅರ್ಧ ಗಂಟೆಯಲ್ಲಿ ತಣ್ಣಗಾಗುತ್ತದೆ. ಒಲೆಯಿಂದ ಇಳಿಸಿದ ಎರಡು ಗಂಟೆಯೊಳಗೆ ಫ್ರೀಜರ್ ಸೇರಬೇಕು. 5ರಿಂದ 60 ಡಿಗ್ರಿಯ ನಡುವೆ ಬ್ಯಾಕ್ಟೀರಿಯಾ ಭರದಿಂದ ಬೆಳೆಯುತ್ತವೆ, ರಾತ್ರಿಯಿಡೀ ಕಟ್ಟೆಯ ಮೇಲೆ ಆರಲು ಬಿಟ್ಟದ್ದನ್ನು ಫ್ರೀಜ್ ಮಾಡಿದರೆ ಅವು ಸಾಯುವುದಿಲ್ಲ, ಸುಮ್ಮನೆ ಮಲಗಿರುತ್ತವೆ. ಈ ಬೇಳೆಯಲ್ಲಿ 200 ಗ್ರಾಮಿನ ಎಂಟೊಂಬತ್ತು ಪೊಟ್ಟಣ ಆಗುತ್ತವೆ.

ಹೆಸರುಬೇಳೆಯನ್ನೂ ಹೀಗೇ ಮಾಡಿ, ಮೂರು ಕೂಗು ಸಾಕು. ಸಿಸೇರಿಯನ್ ಆದವರಿಗೆ ವೈದ್ಯರು ಊಟಕ್ಕೆ ಹೂಂ ಅಂದ ಮೇಲೆ ತೊವ್ವೆ-ಅನ್ನದಷ್ಟು ಹಗುರವಾದದ್ದು ಕಡಿಮೆ, ಇದರ ಪೊಟ್ಟಣಗಳು ಮೊದಲ ವಾರವೇ ಖಾಲಿಯಾಗುತ್ತವೆ.

ಹುರುಳಿಗೆ ಸ್ವಲ್ಪ ತಾಳ್ಮೆ ಬೇಕು. 400 ಗ್ರಾಂ ಕಾಳನ್ನು ಕಲ್ಲು ಆರಿಸಿ, ರಾತ್ರಿ ನೆನೆಹಾಕಿ, ಬೆಳಿಗ್ಗೆ ಆ ನೀರು ಚೆಲ್ಲಿ ಹೊಸ ಒಂದೂವರೆ ಲೀಟರ್ ನೀರಿನಲ್ಲಿ ಆರೇಳು ಕೂಗು ಕೂಗಿಸಿ, ಆಮೇಲೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ. ಕಟ್ಟು ಬಸಿದು 300 ಮಿಲಿಯಂತೆ ಒಂದು ಕಡೆ, ಕಾಳು 150 ಗ್ರಾಮಿನಂತೆ ಇನ್ನೊಂದು ಕಡೆ. ಒಂದು ಹಿಡಿ ಕಾಳನ್ನು ರುಬ್ಬಿ ಕಟ್ಟಿಗೆ ಸೇರಿಸಿದರೆ ಸಾರು ತಿಳಿಯಾಗುವುದಿಲ್ಲ. ಬಡಿಸುವ ದಿನ ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆ ಹಾಕಿ ಕುದಿಸಿದರೆ ಕಟ್ಟಿನ ಸಾರು. ಕಾಳಿಗೆ ಒಗ್ಗರಣೆ ಕೊಟ್ಟರೆ ಉಸಲಿ. ಕೆಲವು ಮನೆಗಳಲ್ಲಿ ಹುರುಳಿ ಉಷ್ಣವೆಂದು ಮೊದಲ ದಿನಗಳಲ್ಲಿ ಕೊಡುವುದಿಲ್ಲ. ನಿಮ್ಮ ಹಿರಿಯರ ಅಭ್ಯಾಸ ಕೇಳಿಕೊಂಡೇ ಪ್ರಮಾಣ ನಿರ್ಧರಿಸಿ, ಇಲ್ಲವಾದರೆ ಪೊಟ್ಟಣ ಹಾಗೇ ಉಳಿಯುತ್ತದೆ.

ಹುಣಸೆ ರಸವನ್ನು ಗಟ್ಟಿಯಾಗಿ ಕಿವುಚಿ, ಸೋಸಿ, ಒಂದು ಕುದಿ ಬರಿಸಿ, ಆರಿಸಿ ಐಸ್ ಟ್ರೇನಲ್ಲಿ ಹೆಪ್ಪುಗಟ್ಟಿಸಿ. ಒಂದು ತುಂಡು ಇಬ್ಬರ ಸಾರಿಗೆ ಸರಿ. ತೆಂಗಿನತುರಿಯನ್ನು 50 ಗ್ರಾಮಿನ ಪೊಟ್ಟಣ ಮಾಡಿ ಬೇರೆಯೇ ಇಡಿ. ಕಾಯಿ ರುಬ್ಬಿ ಹಾಕಿ ಕುದಿಸಿದ ಹುಳಿಯನ್ನು ಫ್ರೀಜ್ ಮಾಡಿದರೆ ಕರಗಿಸುವಾಗ ಕಾಯಿಯೊಂದು ಕಡೆ, ನೀರೊಂದು ಕಡೆ ಆಗುತ್ತದೆ.

ಸೊಪ್ಪು

ಸಬ್ಬಸಿಗೆಯನ್ನು ತೊಳೆದು, ಬಟ್ಟೆಯ ಮೇಲೆ ನೀರಾರಿಸಿ, ಸಣ್ಣಗೆ ಹೆಚ್ಚಿ ಹಸಿಯಾಗಿಯೇ ಇಡಬಹುದು. ನುಗ್ಗೆ, ಮೆಂತ್ಯ, ಹರಿವೆಗೆ ಅದು ಸಾಲದು. ಸೊಪ್ಪಿನೊಳಗಿನ ಕಿಣ್ವಗಳು ಫ್ರೀಜರಿನ ತಂಪಿನಲ್ಲೂ ನಿಧಾನವಾಗಿ ಕೆಲಸ ಮಾಡುತ್ತಲೇ ಇರುತ್ತವೆ, ಕೆಲವೇ ವಾರದಲ್ಲಿ ಬಣ್ಣ ಕೆಟ್ಟು ಒಣಹುಲ್ಲಿನ ವಾಸನೆ ಬರುತ್ತದೆ. ಕುದಿಯುವ ನೀರಿಗೆ ಹಾಕಿ ಎರಡು ನಿಮಿಷ ಬಿಟ್ಟು, ತಕ್ಷಣ ಐಸ್ ನೀರಿಗೆ ಹಾಕಿ, ಹಿಂಡಿ, ನೂರು ನೂರು ಗ್ರಾಮಿನ ಮುದ್ದೆ ಕಟ್ಟಿಡಿ. ಬೇಳೆಯ ಪೊಟ್ಟಣ ಒಂದು, ಸೊಪ್ಪಿನ ಮುದ್ದೆ ಒಂದು: ಸೊಪ್ಪಿನ ಸಾರು ಆಯಿತು.

ಇಡ್ಲಿ, ಚಪಾತಿ, ರೊಟ್ಟಿ

ಹಿಟ್ಟಿಗಿಂತ ಬೆಂದ ಇಡ್ಲಿ ಇಡುವುದು ಮೇಲು. ಫ್ರೀಜ್ ಆದ ಹಿಟ್ಟಿನ ಹುದುಗಿಗೆ ಮೊದಲಿನ ಕಸುವಿರುವುದಿಲ್ಲ, ದೋಸೆಗೆ ನಡೆದರೂ ಇಡ್ಲಿ ಗಟ್ಟಿಯಾಗುತ್ತದೆ. ಇಡ್ಲಿ ಪೂರ್ತಿ ಆರಿದ ಮೇಲೆ ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಜೋಡಿಸಿ ಗಟ್ಟಿ ಮಾಡಿ, ನಂತರ ಕವರಿಗೆ ತುಂಬಿ. ಬಿಸಿ ಇರುವಾಗಲೇ ಕವರಿಗೆ ಹಾಕಿದರೆ ಎಲ್ಲ ಅಂಟಿಕೊಂಡು ಬಂಡೆಯಾಗುತ್ತದೆ. ತಿನ್ನುವಾಗ ಕರಗಿಸುವುದೇ ಬೇಡ, ನೇರ ಹಬೆಯ ಪಾತ್ರೆಗೆ, ಎಂಟು ನಿಮಿಷ. ನಡುರಾತ್ರಿ ಹಾಲೂಡಿಸಿ ಹಸಿದವರಿಗೆ ಮೈಕ್ರೊವೇವ್ ದಾರಿ: ನಾಲ್ಕು ಇಡ್ಲಿ, ಮೇಲೆ ಒದ್ದೆ ಬಟ್ಟೆ, ಸುಮಾರು ಎರಡು ನಿಮಿಷ.

ಚಪಾತಿಯನ್ನು ಉಬ್ಬಿಸದೆ, ಎರಡೂ ಕಡೆ ಅರ್ಧರ್ಧ ನಿಮಿಷ ಬೇಯಿಸಿ, ಆರಿಸಿ, ನಡುನಡುವೆ ಬಟರ್ ಪೇಪರ್ ಇಟ್ಟು ಐದೈದರ ಕಟ್ಟು ಮಾಡಿ. ಪೂರ್ತಿ ಬೇಯಿಸಿಟ್ಟರೆ ಎರಡನೇ ಸಲ ಕಾಯಿಸುವಾಗ ಹಪ್ಪಳವಾಗುತ್ತದೆ. ಉತ್ತರ ಕರ್ನಾಟಕದವರಿಗೆ ಈ ಚಿಂತೆಯೇ ಇಲ್ಲ. ಕಟಕ್ ಜೋಳದ ರೊಟ್ಟಿ ಬಟ್ಟೆಯಲ್ಲಿ ಸುತ್ತಿ ಒಣ ಜಾಗದಲ್ಲಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ಜೊತೆಗಿನ ಶೇಂಗಾ ಚಟ್ನಿಪುಡಿ ಹೊರಗಿರಲಿ. ಅಗಸೆ ಚಟ್ನಿಪುಡಿಯನ್ನು ಮಾತ್ರ ಫ್ರೀಜರಿಗೆ ಹಾಕಿ, ಪುಡಿಯಾದ ಅಗಸೆಯ ಎಣ್ಣೆ ಬಹಳ ಬೇಗ ಕಮಟುತ್ತದೆ.

ಮಾಂಸ ತಿನ್ನುವ ಮನೆಗಳಿಗೆ

ಕೋಳಿಯನ್ನು ಮೂಳೆ ಸಮೇತ, ಸಾರಿನಲ್ಲಿ ಮುಳುಗಿರುವಂತೆ ಇಡಿ. ಹುರಿದದ್ದು, ಒಣ ಪಲ್ಯದಂತಿರುವುದು ನಾರಾಗುತ್ತದೆ. ಕಾಲು ಸೂಪಿಗೆ ಕುರಿ ಅಥವಾ ಮೇಕೆಯ ನಾಲ್ಕು ಕಾಲು, ಎರಡು ಲೀಟರ್ ನೀರು, ಶುಂಠಿ, ಬೆಳ್ಳುಳ್ಳಿ ಹಾಕಿ ಕುಕ್ಕರಿನಲ್ಲಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ. ಆರಿಸಿ, ಸೋಸಿ, ಫ್ರಿಜ್‌ನಲ್ಲಿಟ್ಟರೆ ಮರುದಿನ ಜೆಲ್ಲಿಯಂತೆ ಕೂತಿರುತ್ತದೆ. ಮೇಲೆ ಕಟ್ಟಿದ ಕೊಬ್ಬು ತೆಗೆದು 250 ಮಿಲಿಯಂತೆ ಫ್ರೀಜ್ ಮಾಡಿ. ಕಾಳುಮೆಣಸಿನ ಪುಡಿಯನ್ನು ಬಿಸಿ ಮಾಡುವ ದಿನವೇ ಹಾಕಿ, ಮೆಣಸು, ಲವಂಗ, ಬೆಳ್ಳುಳ್ಳಿಯ ಘಾಟು ಫ್ರೀಜರಿನಲ್ಲಿ ಕಹಿಗೆ ತಿರುಗುವುದುಂಟು. ಮಾಂಸದ ಪದಾರ್ಥವನ್ನು ಎರಡು-ಮೂರು ತಿಂಗಳಲ್ಲಿ ಮುಗಿಸಿ.

ಅಂಟಿನುಂಡೆ ಮತ್ತು ಮೆಣಸಿನ ಪುಡಿ

ಮೊದಲ ಆರು ತಿಂಗಳು ಹಾಲೂಡಿಸುವ ತಾಯಿಗೆ ದಿನಕ್ಕೆ ಸುಮಾರು 600 ಕ್ಯಾಲರಿ ಹೆಚ್ಚು ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುತ್ತದೆ. ಒಂದೇ ಕೈಯಲ್ಲಿ, ಮಗುವನ್ನು ಇಳಿಸದೆ ತಿನ್ನಬಹುದಾದದ್ದು ಉಂಡೆ.

ನಲವತ್ತು ಉಂಡೆಗೆ: ಅಂಟು 100 ಗ್ರಾಂ, ತುರಿದ ಒಣಕೊಬ್ಬರಿ 250, ಬೀಜ ತೆಗೆದ ಉತ್ತುತ್ತೆ 200, ಬಾದಾಮಿ 100, ಗೋಡಂಬಿ 100, ಒಣದ್ರಾಕ್ಷಿ 50, ಗಸಗಸೆ 25, ಬೆಲ್ಲ 250, ತುಪ್ಪ 150, ಏಲಕ್ಕಿ ಮತ್ತು ಜಾಜಿಕಾಯಿ. ಒಂದು ಉಂಡೆಯಲ್ಲಿ ಸುಮಾರು 150 ಕ್ಯಾಲರಿ. ಬಸುರಿನಲ್ಲಿ ಸಕ್ಕರೆ ಕಾಯಿಲೆ ಬಂದಿದ್ದವರು ದಿನಕ್ಕೆಷ್ಟು ಎಂದು ವೈದ್ಯರನ್ನು ಕೇಳಿಯೇ ತಿನ್ನಬೇಕು.

ಕೆಡುವುದು ಎರಡು ಕಡೆ. ಒಂದು, ಅಂಟು ಹುರಿಯುವಾಗ. ತುಪ್ಪ ಹೊಗೆಯಾಡುವಷ್ಟು ಕಾದಿದ್ದರೆ ಅಂಟು ಹೊರಗೆ ಅರಳಿ ಒಳಗೆ ಹಸಿಯಾಗಿ ಉಳಿಯುತ್ತದೆ, ತಿಂದಾಗ ಹಲ್ಲಿಗೆ ಮೆತ್ತುತ್ತದೆ. ಹದವಾದ ಉರಿಯಲ್ಲಿ ಚಮಚ ಚಮಚವೇ ಹಾಕಿ. ಅರಳಿದ ಒಂದು ಕಾಳನ್ನು ಬೆರಳಲ್ಲಿ ಒತ್ತಿ ನೋಡಿ, ಪೂರ್ತಿ ಪುಡಿಯಾಗಬೇಕು, ನಡುವೆ ಗಾಜಿನ ಚೂರಿನಂತೆ ಏನೂ ಸಿಗಬಾರದು. ಎರಡು, ಬೆಲ್ಲ. ಕಾಲು ಲೋಟ ನೀರಿನಲ್ಲಿ ಕರಗಿಸಿ, ಸೋಸಿ, ಮತ್ತೆ ಕುದಿಸಿ, ಒಂದೆಳೆ ಬಂದ ಕೂಡಲೇ ಇಳಿಸಿ. ಮುಂದೆ ಹೋದರೆ ಉಂಡೆ ಕಲ್ಲು, ಮುಂಚೆಯೇ ಇಳಿಸಿದರೆ ನೀರಿನಂಶ ಉಳಿದು ಹತ್ತು ದಿನದಲ್ಲಿ ಬೂಸಲು. ಮಿಶ್ರಣ ಕೈ ತಡೆಯುವಷ್ಟು ಬಿಸಿಯಿರುವಾಗಲೇ ಕಟ್ಟಬೇಕು. ಇಪ್ಪತ್ತು ಹೊರಗೆ ಡಬ್ಬಿಯಲ್ಲಿ, ಇಪ್ಪತ್ತು ಫ್ರೀಜರಿನಲ್ಲಿ ಇಡಿ.

ಊರಿಂದ ಪಾರ್ಸೆಲ್ ಕಳಿಸುವವರು ಗಮನಿಸಿ: ಯುಎಇ ಮತ್ತು ಸಿಂಗಪುರದಲ್ಲಿ ಗಸಗಸೆ ನಿಷಿದ್ಧ. ಅಲ್ಲಿಗೆ ಹೋಗುವ ಉಂಡೆಗೆ ಅದನ್ನು ಹಾಕಲೇಬೇಡಿ.

ಸಾರಿಗೆ ಮೆಣಸಿನ ಪುಡಿ: ಧನಿಯ 100 ಗ್ರಾಂ, ಕಾಳುಮೆಣಸು 50, ಜೀರಿಗೆ 50, ತೊಗರಿಬೇಳೆ 50, ಒಣಶುಂಠಿ 10, ಮೆಂತ್ಯ ಒಂದು ಚಮಚ, ಒಂದು ಹಿಡಿ ಕರಿಬೇವು. ಒಂದೊಂದನ್ನೂ ಬೇರೆ ಬೇರೆ ಹುರಿದು, ಪೂರ್ತಿ ಆರಿದ ಮೇಲೆ ಪುಡಿ ಮಾಡಿ. ಬಿಸಿಯಲ್ಲಿ ಮಿಕ್ಸಿಗೆ ಹಾಕಿದರೆ ಬೆವರಿ ಗಂಟಾಗುತ್ತದೆ.

ಫ್ರೀಜರಿಗೆ ಒಗ್ಗದವು

ರಾಗಿಮುದ್ದೆ ಒಡೆದು ಉದುರುತ್ತದೆ. ಆಲೂಗಡ್ಡೆ ಮರಳಾಗುತ್ತದೆ, ಸೌತೆ, ಸೋರೆ ನೀರಾಗುತ್ತವೆ. ಮಜ್ಜಿಗೆಹುಳಿ ಒಡೆಯುತ್ತದೆ, ಬೆಂದ ಮೊಟ್ಟೆಯ ಬಿಳಿಭಾಗ ರಬ್ಬರಾಗುತ್ತದೆ. ಅನ್ನವನ್ನು ಆಯಾ ಹೊತ್ತಿಗೆ ಹೊಸದಾಗಿ ಮಾಡುವುದೇ ಸರಿ. ಹೊರಗೆ ಹೊತ್ತು ಕಳೆದ ಅನ್ನದಲ್ಲಿ ಬೆಳೆಯುವ ಒಂದು ಜಾತಿಯ ಬ್ಯಾಕ್ಟೀರಿಯಾ ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

ತೆಗೆಯುವ ದಿನ

ನಾಳೆಗೆ ಬೇಕಾದದ್ದನ್ನು ಇಂದು ರಾತ್ರಿ ಫ್ರಿಜ್‌ನ ಕೆಳಖಾನೆಗೆ ಇಳಿಸಿ, ಕೆಳಗೊಂದು ತಟ್ಟೆಯಿರಲಿ. ಅಡುಗೆ ಕಟ್ಟೆಯ ಮೇಲಿಟ್ಟು ಕರಗಿಸಬೇಡಿ. ಮರೆತಿದ್ದರೆ ಪೊಟ್ಟಣವನ್ನು ಐದು ನಿಮಿಷ ತಣ್ಣೀರಲ್ಲಿ ಮುಳುಗಿಸಿ, ಕವರಿನಿಂದ ಜಾರಿಸಿ ಪಾತ್ರೆಗೆ ಹಾಕಿ, ಕಾಲು ಲೋಟ ನೀರು ಹಾಕಿ ಸಣ್ಣ ಉರಿಯಲ್ಲಿ ಮುಚ್ಚಿಡಿ. ಕವರ್ ಸಮೇತ ಬಿಸಿ ಮಾಡುವುದು ಬೇಡ. ನಡುವೆಯೂ ಗುಳ್ಳೆ ಬರುವಂತೆ ಎರಡು-ಮೂರು ನಿಮಿಷ ಮರಳಿಸಿ. ಅಂಚು ಕುದ್ದು ನಡುವೆ ತಣ್ಣಗಿರುವುದು ಮೈಕ್ರೊವೇವಿನಲ್ಲಿ ಸಾಮಾನ್ಯ, ಅರ್ಧದಲ್ಲಿ ಒಮ್ಮೆ ತೆಗೆದು ಕಲಕಿ. ಕರಗಿಸಿದ್ದನ್ನು ಎರಡು ದಿನದಲ್ಲಿ ಮುಗಿಸಿ. ಒಗ್ಗರಣೆ, ಕೊತ್ತಂಬರಿ, ತುಪ್ಪ ಯಾವಾಗಲೂ ಆ ಹೊತ್ತಿನದೇ ಆಗಿರಲಿ. ಊಟದ ಜೊತೆ ಬಾಣಂತಿಯ ಕೈಗೆ ಒಂದು ದೊಡ್ಡ ಲೋಟ ಬಿಸಿನೀರು ಕೊಡಿ. ಬಾಣಂತಿಗೆ ನೀರು ಕಡಿಮೆ ಕೊಡಬೇಕೆಂಬ ಮಾತನ್ನು ಯಾರು ಹೇಳಿದರೂ ಕೇಳಬೇಡಿ, ಬಾಯಾರಿಕೆ ಆದಾಗಲೆಲ್ಲ ಅವಳು ನೀರು ಕುಡಿಯಬೇಕು.

ಫ್ರಿಜ್‌ನ ಬಾಗಿಲಿಗೆ ಒಂದು ಹಾಳೆ ಅಂಟಿಸಿ: ಏನೇನು, ಎಷ್ಟೆಷ್ಟು, ಯಾವ ತಾರೀಖಿನದು. ತೆಗೆದವರು ಒಂದು ಗೀಟು ಹಾಕಲಿ. ಹಳೆಯದು ಮುಂದೆ, ಹೊಸದು ಹಿಂದೆ.

ಕರೆಂಟ್ ಹೋದರೆ ಬಾಗಿಲು ತೆಗೆಯಬೇಡಿ. ತುಂಬಿದ ಫ್ರೀಜರ್ ಮುಚ್ಚೇ ಇದ್ದರೆ ಸುಮಾರು 48 ಗಂಟೆ, ಅರ್ಧ ತುಂಬಿದ್ದರೆ 24 ಗಂಟೆ ತಂಪು ಹಿಡಿದಿಡುತ್ತದೆ. ಆಸ್ಪತ್ರೆಯಲ್ಲಿ ಇರುವ ದಿನಗಳಲ್ಲಿ ಮನೆಯಲ್ಲಿ ಯಾರೂ ಇರದಿದ್ದರೆ, ಹೊರಡುವ ಮುಂಚೆಯೇ ಒಂದು ಬಟ್ಟಲು ನೀರನ್ನು ಗಟ್ಟಿ ಮಾಡಿ ಅದರ ಮೇಲೊಂದು ನಾಣ್ಯ ಇಟ್ಟುಬಿಡಿ. ವಾಪಸ್ ಬಂದಾಗ ನಾಣ್ಯ ಮೇಲೇ ಇದ್ದರೆ ಏನೂ ಕರಗಿಲ್ಲ. ತಳಕ್ಕೆ ಮುಳುಗಿ ಹೆಪ್ಪುಗಟ್ಟಿದ್ದರೆ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ: ಬೆಂದ ಪದಾರ್ಥವನ್ನೆಲ್ಲ ಎಸೆಯಿರಿ, ಉಂಡೆ, ಪುಡಿ, ಹುಣಸೆ ತುಂಡು ಉಳಿಸಿಕೊಳ್ಳಿ.